ಬಾಗಿಲು ತೆಗೆದವನ ಪಾಲಿಗೆ ಬಂದ ಜಗಳ

ನಮ್ಮೂರಿನಲ್ಲಿ ಕಾರಿನ ಬಾಗಿಲು ತೆಗೆದು ಸೈಕಲ್ಲಿನವರನ್ನು ಕೆಡವಿದವರು, ಬಿದ್ದವರು ಯಾವ ಕೆಲಸಕ್ಕೆ ಹೊರಟಿದ್ದರೋ ಆ ಕೆಲಸವನ್ನು ಅದೇ ಸೈಕಲ್ಲಿನ ಮೇಲೆ ಹೋಗಿ ಬೀದಿದೀಪ ಹತ್ತುವುದರೊಳಗೆ ಮುಗಿಸಿಕೊಡಬೇಕು. ಇದು ಯಾವಾಗಿನಿಂದ ಹೀಗೆ ಎಂದು ಯಾರೂ ಕೇಳುವುದಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ದೊಡ್ಡ ಡಾಕ್ಟರು ಕೋಟು ಹಾಕಿಕೊಂಡೇ ನಲವತ್ತು ಮನೆಗೆ ಹಾಲು ಹಾಕಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಮೇಲೊಂದು ಸಲ ನ್ಯಾಯಾಧೀಶರೊಬ್ಬರು, ಹಲ್ಲು ಕೀಳಿಸಿಕೊಳ್ಳಲು ಹೊರಟಿದ್ದವನನ್ನು ಕೆಡವಿ, ಕಲ್ಲಿನಂತಿದ್ದ ತಮ್ಮ ಮುಂದಿನ ಹಲ್ಲನ್ನೇ ಕೊಟ್ಟು ಬಂದರು. ಆಮೇಲೆ ಅವರು ನಿವೃತ್ತರಾಗುವ ತನಕ ತೀರ್ಪು ಓದುವಾಗ ನಡುನಡುವೆ ಸಣ್ಣ ಶಿಳ್ಳೆ ಕೇಳಿಸುತ್ತಿತ್ತು.

ಹಾಗಾಗಿ ನಮ್ಮಲ್ಲಿ ಕಾರು ನಿಂತ ಮೇಲೆ ಇಳಿಯುವುದಕ್ಕೆ ಐದು ನಿಮಿಷವಾದರೂ ಹಿಡಿಯುತ್ತದೆ. ಮದುವೆ ಮನೆ ಮುಂದೆ ಬೀಗರು ಕಾರಿನೊಳಗೇ ಕೂತು ಕನ್ನಡಿಯಲ್ಲಿ ಹಿಂದಕ್ಕೆ ಇಣುಕುತ್ತಿರುತ್ತಾರೆ. ಹೊರಗೆ ಪನ್ನೀರುದಾನಿ ಹಿಡಿದವರ ಕೈ ಸೋತು ಹೋಗುತ್ತದೆ. ಬೇಡದ ಕೆಲಸಕ್ಕೆ ಹೊರಟವರು ಮಾತ್ರ ನಿಂತ ಕಾರುಗಳಿಗೆ ಒತ್ತಿಕೊಂಡು, ನಿಧಾನವಾಗಿ, ಬಹಳ ಆಸೆಯಿಂದ ಸೈಕಲ್ ತುಳಿಯುತ್ತಾರೆ. ಪರೀಕ್ಷೆಯ ತಿಂಗಳಲ್ಲಂತೂ ಬುದ್ಧಿಯಿದ್ದ ಕಾರಿನವರು ಮನೆ ಬಿಟ್ಟು ಹೊರಡುವುದೇ ಇಲ್ಲ.

ನಾನು ತಿಪ್ಪೇರುದ್ರಯ್ಯ, ಕಾರು ಕಲಿಸುವ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಊರಿನ ಅರ್ಧ ಜನಕ್ಕೆ ನಾನೇ ಕಲಿಸಿದ್ದೇನೆ. ನನ್ನ ಶಾಲೆಯಲ್ಲಿ ಕ್ಲಚ್ಚು, ಗೇರು ಎಲ್ಲ ಆಮೇಲೆ. ಮೊದಲ ವಾರವಿಡೀ ಇಳಿಯುವುದೇ ಪಾಠ. ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆಗೆಯಬೇಕು. ಎಡಗೈ ಅಷ್ಟು ದೂರ ಚಾಚಿದರೆ ಮೈ ತಾನಾಗಿ ತಿರುಗುತ್ತದೆ, ಮೈ ತಿರುಗಿದರೆ ಕಣ್ಣು ಹಿಂದಕ್ಕೆ ಹೋಗುತ್ತದೆ, ಬರುತ್ತಿರುವ ಸೈಕಲ್ಲು ಕಾಣುತ್ತದೆ. ‘ಒಳ್ಳೇ ಕೆಲಸಕ್ಕೆ ಹೊರಟಾಗ ಎಡಗೈ ಯಾಕೆ ಮೇಷ್ಟ್ರೇ’ ಎಂದು ಯಾರಾದರೂ ಮುಖ ಕಿವುಚಿದರೆ, ‘ಬಲಗೈಲಿ ತೆಗೆದು ನೋಡಿ, ಆಮೇಲೆ ಊರವರ ಒಳ್ಳೇ ಕೆಲಸ ಎಲ್ಲಾ ನಿಮ್ಮದೇ’ ಅನ್ನುತ್ತಿದ್ದೆ. ಈ ಮಾತಿಗೆ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಅದೊಂದು ಗುರುವಾರ, ಮಧ್ಯಾಹ್ನ ಮೂರೂವರೆ. ಹಳೇ ಟಾಕೀಸಿನ ಮುಂದೆ ಕಾರು ನಿಲ್ಲಿಸಿಕೊಂಡಿದ್ದೆ. ಎಡಗೈಯಲ್ಲಿ ಆಗಷ್ಟೇ ಕಟ್ಟಿಸಿಕೊಂಡಿದ್ದ ಮಿರ್ಚಿಯ ಪೊಟ್ಟಣ. ಎಣ್ಣೆ ಕಾಗದ ದಾಟಿ ಅಂಗೈ ಸುಡುತ್ತಿತ್ತು, ಒಗೆದು ಇಸ್ತ್ರಿ ಮಾಡಿಸಿದ್ದ ಪ್ಯಾಂಟಿನ ಮೇಲೆ ತೊಟ್ಟಿಕ್ಕುವುದರಲ್ಲಿತ್ತು. ಬೇಗ ಇಳಿದುಬಿಡೋಣ ಎಂದು ಬಲಗೈಯಿಂದ ಬಾಗಿಲು ತಳ್ಳಿದೆ. ಧಡ್ ಎಂದಿತು.

ಆ ಸದ್ದು ಹೇಗಿತ್ತು ಎಂದು ಹೇಳಲಾರೆ. ನನ್ನ ಬಾಗಿಲಿನ ಅಂಚಿನ ಮೇಲಿಂದ ಹಸಿರು ಸೀರೆಯ ಒಬ್ಬ ಹೆಂಗಸು ಹಾರಿ ರಸ್ತೆಗೆ ಬಿದ್ದರು. ಹಿಂದಿನಿಂದ ನೀರಿನ ಟ್ಯಾಂಕರು ಬರುತ್ತಿತ್ತು. ಅದರ ಚಕ್ರ ಕಿರುಚಿಕೊಂಡು ಬಂದು ಆಕೆಯ ತುರುಬಿನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಟ್ಯಾಂಕರಿನೊಳಗಿನ ನೀರು ಮಾತ್ರ ನಿಲ್ಲಲಾರದೆ ಹಿಂದಕ್ಕೂ ಮುಂದಕ್ಕೂ ತುಳುಕುತ್ತಿತ್ತು. ಆಕೆ ಮೆಲ್ಲಗೆ ಎದ್ದು ಕೂತು, ಸುತ್ತ ನೋಡಿ, ಎದೆ ಒಡೆದವರಂತೆ ಕೂಗಿದರು:

“ಅಯ್ಯೋ ನನ್ನ ಜಗಳ!”

ಏನೋ ಕಳೆದುಹೋಯಿತು ಎಂದುಕೊಂಡು ನಾನು ಬಗ್ಗಿ ಕಾರಿನ ಕೆಳಗೆ ಹುಡುಕತೊಡಗಿದೆ.

“ಅಲ್ಲೇನು ಹುಡುಕ್ತೀಯಪ್ಪ? ಜಗಳಕ್ಕೆ ಹೊರಟಿದ್ದೆ ಕಣೋ, ಜಗಳಕ್ಕೆ!” ಎಂದ ಆಕೆ ನನ್ನ ಮುಖ ನೋಡಿ ಕಣ್ಣರಳಿಸಿದರು. “ನೀವು ಕಾರು ಮೇಷ್ಟ್ರಲ್ವಾ?”

ಅಷ್ಟು ಹೊತ್ತಿಗೆ ಜನ ಸೇರಿದ್ದರು. ‘ಮೇಷ್ಟ್ರೇ ಕೆಡವಿಬಿಟ್ರಂತೆ’ ಎಂಬ ಮಾತು ನನ್ನ ಕಣ್ಣೆದುರೇ ರಸ್ತೆಯ ಆ ತುದಿಗೆ ಓಡಿತು. ಅದರ ಹಿಂದೆಯೇ ಬಾಗಿಲು ಲೆಕ್ಕದ ಪೊಲೀಸ್ ಮಹೇಶ್ವರಪ್ಪ ದಪ್ಪ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದ. ಅವನಿಗೂ ಕಾರು ಕಲಿಸಿದವನು ನಾನೇ.

“ಬಿದ್ದವರ ಹೆಸರು?”

“ಓಂಕಾರಮ್ಮ. ರವಿಕೆ ಹೊಲೀತೀನಿ.”

“ಹೊರಟಿದ್ದ ಕೆಲಸ?”

“ನಮ್ಮಕ್ಕನ ಹತ್ರ ಜಗಳ.”

ಮಹೇಶ್ವರಪ್ಪ ಪೆನ್ನು ಎತ್ತಿ ಹಿಂದಿನ ಪುಟಗಳನ್ನು ತಿರುವಿದ. “ಹೆಣ್ಣು ನೋಡೋದು ಆಗೈತೆ. ಸಾವಿನ ಮನೇಲಿ ಮಾತಾಡ್ಸಿ ಬರೋದು ಆಗೈತೆ. ಜಗಳ ಇದೇ ಮೊದಲು,” ಎಂದು ತುಂಬಾ ಮರ್ಯಾದೆಯಿಂದ ಬರೆದುಕೊಂಡ. ನನಗೊಂದು ಚೀಟಿ ಹರಿದು ಕೊಟ್ಟ. “ಜಗಳ ಪೂರ್ತಿ ಮುಟ್ಟಿದೆ ಅಂತ ಆ ಕಡೆಯವರ ಸಹಿ ತರಬೇಕು ಮೇಷ್ಟ್ರೇ. ಆರೂವರೆಗೆ ದೀಪ ಹತ್ತುತ್ತೆ. ಸಹಿ ಇಲ್ಲ ಅಂದ್ರೆ…” ಅವನು ಪುಸ್ತಕ ಪಟ್ಟನೆ ಮುಚ್ಚಿದ. ಸಹಿ ಇಲ್ಲವೆಂದರೆ ಈ ಜನ್ಮದಲ್ಲಿ ನಾನು ಕಾರಿನಲ್ಲಿ ಕೂರುವಂತಿಲ್ಲ. ಶಾಲೆಗೆ ಬೀಗ.

ಓಂಕಾರಮ್ಮನನ್ನು ಆಟೋದಲ್ಲಿ ಮೂಳೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸೈಕಲ್ಲನ್ನೂ ಆಟೋದ ಮೇಲೆ ಕಟ್ಟಿಸಿದೆ. ಬಲಗೈ ಮುರಿದಿತ್ತು, ಪಾದ ಊದಿಕೊಂಡಿತ್ತು. ಕೈಗೆ ಹಿಟ್ಟಿನಂಥ ಪಟ್ಟಿ ಸುತ್ತುತ್ತಿದ್ದಾಗ ನೋವಿಗೆ ಹಲ್ಲು ಕಚ್ಚಿಕೊಂಡೇ ಆಕೆ ನನಗೆ ಜಗಳ ಒಪ್ಪಿಸಿದರು. ಅಕ್ಕ ಹಾಲಮ್ಮ, ಕೋಟೆ ಕೆಳಗಿನ ಬೀದಿ. ಒಂಬತ್ತು ವರ್ಷದಿಂದ ಮಾತಿಲ್ಲ. ನಾಮಕರಣದ ಮನೆಯೊಂದರಲ್ಲಿ ಎಪ್ಪತ್ತು ಜನರ ಎದುರು, ತಂಗಿ ಮಾಡಿ ತಂದಿದ್ದ ಹೋಳಿಗೆಯನ್ನು ಎತ್ತಿ ಹಿಡಿದು, ‘ಇದನ್ನ ಕಾಲಿಗೆ ಹಾಕ್ಕೊಂಡು ಸಂತೆಗೆ ಹೋಗಬಹುದು’ ಅಂದಿದ್ದಳಂತೆ.

“ಒಂಬತ್ತು ವರ್ಷ ಬಿಟ್ಟು ಇವತ್ತೇ ಯಾಕಮ್ಮ?” ಎಂದೆ.

“ನಾಳೆ ಅವಳಿಗೆ ಗಂಟಲು ಕುಯ್ತಾರೆ ಮೇಷ್ಟ್ರೇ. ಅದೇನೋ ಗಂಟಂತೆ. ಎರಡು ತಿಂಗಳು ತುಟಿ ಬಿಚ್ಚಂಗಿಲ್ಲ. ಆಮೇಲೂ ದನಿ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ತಿರುಗಿ ಬೈಯೋಕಾಗದೋಳ ಹತ್ರ ಜಗಳ ಆಡಿದ್ರೆ ಅದು ಜಗಳನಾ?” ಆಕೆ ಎಡಗೈಯ ಬೆರಳು ಮಡಚಿ ಹೇಳಿಕೊಟ್ಟರು. “ಒಂದು, ಹೋಳಿಗೆ. ಎರಡು, ಒಂಬತ್ತು ವರ್ಷದಲ್ಲಿ ಒಂದು ದಿನ ನಮ್ಮ ಬೀದಿಗೆ ಬರಲಿಲ್ಲ. ಮೂರು, ಅವಳ ಗಂಟಲಿನ ಸುದ್ದಿ ಹೂವಿನ ಗಿರಿಜಿಗೆ ಹೇಳಿದ್ಲು, ನಂಗೆ ಹೇಳಲಿಲ್ಲ. ಹೊಸಲಾಚೆ ನಿಂತ್ಕೊಂಡೇ ಶುರು ಮಾಡಿ. ಒಳಗೆ ಕರೀತಾಳೆ, ಹೋಗಬೇಡಿ. ಕಾಫಿ ಕೊಡ್ತಾಳೆ, ಕುಡೀಬೇಡಿ. ಕುಡಿದ್ರೋ, ಜಗಳ ಮುಳುಗಿತು. ನನ್ನ ಕೈ ಮುರಿದಿದ್ದು ಮಾತ್ರ ಬಾಯಿ ಬಿಡಬೇಡಿ. ಅಳ್ತಾ ಕೂತ್ಕೋತಾಳೆ.”

ನನಗೊಂದು ಅನುಮಾನ ಕೊರೆಯುತ್ತಿತ್ತು. ತಡೆಯಲಾರದೆ ಕೇಳಿದೆ. “ತಪ್ಪು ತಿಳೀಬೇಡಿ. ಬೇಕಂತಲೇ ಕಾರಿಗೆ ಒತ್ಕೊಂಡು ಬಂದ್ರಾ?”

ಓಂಕಾರಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಒಂಬತ್ತು ವರ್ಷ ಕಾಪಾಡಿಕೊಂಡ ಜಗಳಾನ ನಿಮ್ಮಂಥೋರ ಕೈಗೆ ಕೊಡ್ತಿದ್ನಾ?”

ಆ ಮಾತು ನಿಜ. ನಾನು ಹುಟ್ಟಿದಂದಿನಿಂದ ಜಗಳವಾಡಿದವನಲ್ಲ. ಹೆಂಡತಿ ಸರ್ವಮಂಗಳೆಗೆ ಫೋನು ಮಾಡಿ ವಿಷಯ ಹೇಳಿದರೆ ಅವಳು ಮೊದಲು ಅತ್ತಳು, ಆಮೇಲೆ ನಗಲು ಶುರುಮಾಡಿದಳು. “ನೀವು ಜಗಳನಾ? ಕೊಳೆತ ಬದನೆಕಾಯಿ ಕೊಟ್ರೆ ‘ಪರವಾಗಿಲ್ಲ ಬಿಡಿ, ನಿಮಗೂ ಖರ್ಚಾಗಬೇಕಲ್ಲ’ ಅಂತ ಚೀಲಕ್ಕೆ ಹಾಕಿಸ್ಕೊಂಡು ಬರೋರು! ಶಾಲೆ ಮುಚ್ಚಿದ ಹಾಗೇ ಅನ್ನಿ.”

ಐದೂವರೆ ದಾಟಿದ ಮೇಲೆ ಓಂಕಾರಮ್ಮನ ಸೈಕಲ್ ಹತ್ತಿದೆ. ಮುಂದೆ ಬುಟ್ಟಿ, ಹಿಡಿಕೆಗೆ ರವಿಕೆ ಬಟ್ಟೆಯ ಚೂರು ಸುತ್ತಿದ ಹೆಂಗಸರ ಸೈಕಲ್ಲು. ನಾನು ಸೈಕಲ್ ಬಿಟ್ಟು ಮೂವತ್ತು ವರ್ಷವಾಗಿತ್ತು. ಗಡಿಯಾರ ಕಂಬದ ರಸ್ತೆಯಲ್ಲಿ ಎಡಗಡೆ ಉದ್ದಕ್ಕೂ ಕಾರುಗಳು ನಿಂತಿದ್ದವು, ಬಲಗಡೆ ಬಸ್ಸುಗಳು ಮೈ ಸವರಿಕೊಂಡು ಹೋಗುತ್ತಿದ್ದವು; ನಡುವೆ ನನಗೆ ಉಳಿದದ್ದು ಮೂರು ಗೇಣು. ಕಾರಿನೊಳಗೆ ಕೂತು ಇಪ್ಪತ್ತೆರಡು ವರ್ಷ ನಾನು ಸೈಕಲ್ಲುಗಳನ್ನು ಕನ್ನಡಿಯೊಳಗಿನ ಚುಕ್ಕೆ ಎಂದುಕೊಂಡೇ ಪಾಠ ಹೇಳಿದ್ದೆ. ಈಗ ಒಂದೊಂದು ಬಾಗಿಲಿನ ಹಿಡಿಯೂ ನನ್ನ ಪಕ್ಕೆಲುಬನ್ನೇ ನೋಡುತ್ತಿತ್ತು. ಒಳಗೆ ಒಂದು ತಲೆ ಅಲುಗಿದರೂ ಸಾಕು, ಬಿಡದೆ ಬೆಲ್ಲು ಬಾರಿಸುತ್ತಿದ್ದೆ. ಒಂದು ಕಡೆ ಬಾಗಿಲು ಎರಡು ಬೆರಳು ತೆರೆಯಿತು. ನಾನು ಕಿರುಚಿ ಬ್ರೇಕು ಹಿಡಿದು, ಕಾಲೂರಿ, ಒಂಟಿಕಾಲಿನಲ್ಲಿ ಕುಣಿದೆ. ಒಳಗಿಂದ ಬಟ್ಟೆ ಅಂಗಡಿಯ ಸಾಹುಕಾರರು ಎಡಗೈ ಎತ್ತಿ ತೋರಿಸಿದರು. “ಮೇಷ್ಟ್ರೇ, ಎಡಗೈನೇ! ನೋಡಿಯೇ ತೆಗೆದೆ! ನೀವು ಹೇಳಿಕೊಟ್ಟಿದ್ದೇ ಅಲ್ವಾ!” ಅವರ ಕೈಗೆ ಮುತ್ತಿಡಬೇಕು ಅನ್ನಿಸಿತು.

ಹಾಲಮ್ಮನ ಮನೆ ತಲುಪಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ಆಕೆ ಜಗಲಿಯ ಮೇಲೆ ಕೂತು ನಾಳೆ ಆಸ್ಪತ್ರೆಗೆ ಒಯ್ಯಬೇಕಾದ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಅರವತ್ತು ದಾಟಿದ, ಎತ್ತರದ ಹೆಂಗಸು. ದನಿ ಆಗಲೇ ಬಿರುಕು ಬಿಟ್ಟಿತ್ತು. ಆಕೆಯ ಕಣ್ಣು ಮೊದಲು ಹೋದದ್ದು ಸೈಕಲ್ಲಿನ ಮೇಲೆ.

“ಇದು ಓಂಕಾರಿ ಸೈಕಲ್ಲು. ಏಟಾಯ್ತಾ ಅವಳಿಗೆ?”

“ಇಲ್ಲ ತಾಯಿ, ಸ್ವಲ್ಪ ತರಚಿದೆ ಅಷ್ಟೆ,” ಎಂದು ಸುಳ್ಳು ಹೇಳಿ, ಸೊಂಟದ ಮೇಲೆ ಕೈ ಇಟ್ಟುಕೊಂಡೆ. “ನಾನು ಜಗಳಕ್ಕೆ ಬಂದಿದ್ದೀನಿ. ತಮಗೆ ಬಿಡುವಿದೆಯಾ?”

ಹಾಲಮ್ಮ ಸೀರೆ ಕೆಳಗಿಟ್ಟರು. ಆಕೆಯ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ಕಂಡೆ. “ಬಂದೇಬಿಡ್ತಾ! ಒಳಗೆ ಬಾರಪ್ಪ, ಕಾಫಿ ಕುಡಿದು ಶುರು ಮಾಡು.”

ಬೇಡವೆನ್ನಬೇಕಿತ್ತು. ಆದರೆ ದೊಡ್ಡವರು ಬಾಯಿಬಿಟ್ಟು ಕೇಳಿದಾಗ ಬೇಡವೆಂದು ನಾನು ಇವತ್ತಿನವರೆಗೆ ಅಂದಿಲ್ಲ. ಎರಡು ನಿಮಿಷದಲ್ಲಿ ಒಳಗೆ ಮಣೆಯ ಮೇಲೆ ಕೂತಿದ್ದೆ, ಕೈಯಲ್ಲಿ ಲೋಟ ಇತ್ತು, ‘ಕಾಫಿ ಚೆನ್ನಾಗಿದೆ’ ಅಂತಲೂ ಅಂದುಬಿಟ್ಟಿದ್ದೆ. ಹಾಗೇ ಕೂತು ಒಂದನೆಯದನ್ನು ಎತ್ತಿದೆ. “ಒಂಬತ್ತು ವರ್ಷದ ಹಿಂದೆ ಹೋಳಿಗೆ ವಿಷಯದಲ್ಲಿ ತಾವು ಆಡಿದ ಮಾತಿನಿಂದ ಅವರಿಗೆ ಬೇಸರವಾಗಿದೆಯಂತೆ.”

“ಬೇಸರ ಅಂದ್ಲಾ? ಅವಳು?” ಹಾಲಮ್ಮನಿಗೆ ಅವಮಾನವಾದಂತಿತ್ತು. “ಇದೇನಪ್ಪ ಬ್ಯಾಂಕಿನವರ ಕಾಗದ ಓದಿದ ಹಾಗೆ? ದಪ್ಪ ಇತ್ತು, ದಪ್ಪ ಅಂದೆ. ಮುಂದಕ್ಕೆ ಹೇಳು.”

“ಒಂಬತ್ತು ವರ್ಷದಲ್ಲಿ ಒಂದು ದಿನವೂ ತಾವು ಅವರ ಬೀದಿಗೆ ಬರಲಿಲ್ಲವಂತೆ.”

“ಬಂದಿದ್ದೆ. ಎರಡು ಸಲ. ಮೂಲೆ ಅಂಗಡಿ ತನಕ ಬಂದು ವಾಪಸ್ ಹೋದೆ. ಅವಳು ಬಾಗಿಲಲ್ಲಿ ಕೂತು ಹೊಲೀತಿದ್ಲು. ತಲೆ ಎತ್ತಲಿಲ್ಲ. ಎತ್ತಿದ್ರೆ ಬರ್ತಿದ್ದೆ.” ಆಕೆ ಲೋಟ ತೆಗೆದುಕೊಂಡರು. “ಆಮೇಲೆ?”

“ಮೂರನೆಯದು, ತಮ್ಮ ಗಂಟಲಿನ ಸುದ್ದಿ ಹೂವಿನ ಗಿರಿಜಿಗೆ ಹೇಳಿದ್ದೀರಿ, ಅವರಿಗೆ ಹೇಳಲಿಲ್ಲವಂತೆ.”

ಹಾಲಮ್ಮ ಲೋಟವನ್ನು ಪಕ್ಕಕ್ಕೆ ತಳ್ಳಿದರು. ಹೊರಗೆ ಯಾರೋ ದನ ಅಟ್ಟಿಕೊಂಡು ಹೋದರು. ನಾನು ಮೆಲ್ಲಗೆ ಜೇಬಿನಿಂದ ಚೀಟಿ ತೆಗೆದು ಮುಂದಿಟ್ಟೆ.

“ಇದಕ್ಕೆ ಸಹಿ ಹಾಕಲ್ಲ,” ಎಂದರು.

“ತಾಯಿ, ಮೂರೂ ಹೇಳಿದ್ದೀನಿ.”

“ಹೇಳಿದೆ. ಜಗಳ ಆಡಲಿಲ್ಲ. ಒಂಬತ್ತು ವರ್ಷ ಕಾದಿದ್ದೀನಪ್ಪ ನಾನು, ಇಷ್ಟಕ್ಕೆ ಸಹಿ ಹಾಕಲಾ? ಮೂರನೇದನ್ನ ಅವಳೇ ಬಂದು ಹೇಳಬೇಕಿತ್ತು. ತರಚಿದ ಗಾಯ ತಾನೆ? ನಡ್ಕೊಂಡೇ ಬರಬಹುದಿತ್ತಲ್ಲ. ನಿನ್ನ ಕಳಿಸಿ ಕೈ ತೊಳ್ಕೊಂಡ್ಲು.”

ಗೋಡೆಯ ಗಡಿಯಾರ ಆರು ದಾಟಿ ಐದು ನಿಮಿಷ ತೋರಿಸುತ್ತಿತ್ತು. ಆದರೆ ಆಗ ನನ್ನ ಕಣ್ಣ ಮುಂದೆ ಬಂದದ್ದು ಶಾಲೆಯ ಬೀಗವೂ ಅಲ್ಲ, ಗಡಿಯಾರವೂ ಅಲ್ಲ. ಆ ಟ್ಯಾಂಕರಿನ ಚಕ್ರ. ನಾನು ಮಣೆಯಿಂದ ಎದ್ದೆ. ಮಣೆ ಬೋರಲು ಬಿತ್ತು.

“ಕೈ ತೊಳ್ಕೊಂಡಿಲ್ಲ ಕಣ್ರೀ! ಕೈ ಮುರಿದಿದೆ!” ಎಂದು ಕೂಗಿದೆ. ಅದು ನನ್ನದೇ ದನಿ ಎಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತಾಯಿತು. “ಬರ್ತಾನೇ ಇದ್ರು ನಿಮ್ಮ ಹತ್ರ! ಅಷ್ಟು ದೂರದಿಂದ ತುಳ್ಕೊಂಡು ಬರ್ತಿದ್ರು! ನಾನು ಕೆಡವಿದೆ! ಮಿರ್ಚಿ ಸುಡುತ್ತೆ ಅಂತ ಹಿಂದೆ ನೋಡದೆ ಬಾಗಿಲು ತೆಗೆದೆ. ಟ್ಯಾಂಕರಿನ ಚಕ್ರ ಅವರ ತುರುಬಿನ ಹತ್ರ ಬಂದು ನಿಂತಿತು, ಇಷ್ಟೇ ಇಷ್ಟು! ಇನ್ನೊಂದು ಮೊಳ ಮುಂದೆ ಬಂದಿದ್ರೆ ನೀವು ಯಾರ ಹತ್ರ ಜಗಳ ಆಡ್ತಿದ್ರಿ? ಎದ್ದು ಕೂತವರು ನೋವು ಅನ್ನಲಿಲ್ಲ, ನನ್ನ ಜಗಳ ಅಂದ್ರು. ನಿಮ್ಮನ್ನ ನೆನೆಸ್ಕೊಂಡ್ರು!”

ಹಾಲಮ್ಮ ಬಿಳಿಚಿಕೊಂಡರು. ಗೋಡೆ ಹಿಡಿದು ನಿಂತರು. ಅಳುತ್ತಾರೇನೋ ಎಂದು ನಾನು ಹೆದರಿ ಒಂದು ಹೆಜ್ಜೆ ಮುಂದೆ ಇಟ್ಟೆ. ಆಕೆ ಅಳಲಿಲ್ಲ.

“ಕಣ್ಣು ಎಲ್ಲಿಟ್ಟಿದ್ದೆಯೋ?” ಎಂದರು. ಅಲ್ಲಿಂದ ಶುರುವಾಯಿತು. ಒಡಕು ದನಿಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ ಕಾಣೆ. ನನ್ನ ಕಣ್ಣು, ನನ್ನ ಕೈ, ನನ್ನ ಕಾರು, ನಾನು ತಿಂದ ಮಿರ್ಚಿ, ಅದನ್ನು ಕರಿದವನು, ನನಗೆ ಲೈಸೆನ್ಸು ಕೊಟ್ಟವನು, ನನ್ನನ್ನು ಮೇಷ್ಟ್ರು ಅಂದವರು, ಯಾರನ್ನೂ ಬಿಡಲಿಲ್ಲ. ತಿನ್ನಲಿಲ್ಲ ತಾಯಿ, ರಸ್ತೆಗೆ ಚೆಲ್ಲಿಹೋಯಿತು ಎಂದದ್ದಕ್ಕೆ ಬೇರೆ ಬೈದರು. ಅಕ್ಕಪಕ್ಕದ ಮನೆಯವರು ಕಿಟಕಿಗೆ ಬಂದರು. ನಾನು ತಲೆ ತಗ್ಗಿಸಿ ನಿಂತೆ. ವಿಚಿತ್ರವೆಂದರೆ, ಮಧ್ಯಾಹ್ನದಿಂದ ಎದೆಯ ಮೇಲೆ ಕೂತಿದ್ದ ಭಾರ ಆ ಒಂದೊಂದು ಬೈಗುಳಕ್ಕೂ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಊರಿನವರೆಲ್ಲ ‘ಆಗಿದ್ದು ಆಯ್ತು ಮೇಷ್ಟ್ರೇ’ ಎಂದಿದ್ದರೇ ಹೊರತು ಒಬ್ಬರೂ ಬೈದಿರಲಿಲ್ಲ.

ಕಡೆಗೆ ಆಕೆ ಸೆರಗು ಸಿಕ್ಕಿಸಿಕೊಂಡು ಹೊರಗೆ ನಡೆದು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತರು. “ತುಳಿ.”

“ಆಟೋ ಕರೀತೀನಿ ತಾಯಿ.”

“ನಿನ್ನ ಕಾನೂನು ಸೈಕಲ್ಲೇ ಅನ್ನುತ್ತಲ್ವಾ? ತುಳಿ ಅಂದೆ.”

ತುಳಿದೆ. ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದಿನಿಂದ ಹಾಲಮ್ಮ ನಿಂತ ಕಾರುಗಳೊಳಗಿನವರಿಗೆ ಕೈ ಬೀಸಿ, “ಕೈ ಒಳಗಿಟ್ಕೊಳ್ರೋ! ಮೇಷ್ಟ್ರು ಬರ್ತಾವ್ರೆ!” ಎಂದು ಕೂಗುತ್ತಿದ್ದರು. ಒಂದು ಬಾಗಿಲೂ ತೆರೆಯಲಿಲ್ಲ. ಒಳಗಿದ್ದವರು ಉಸಿರು ಬಿಗಿಹಿಡಿದು ನಮ್ಮನ್ನು ನೋಡಿದರು.

ಆಸ್ಪತ್ರೆಯ ವಾರ್ಡಿಗೆ ಹೊಕ್ಕಾಗ ಆರೂ ಇಪ್ಪತ್ತೈದು. ಮಹೇಶ್ವರಪ್ಪ ಪುಸ್ತಕ ತೆರೆದು ಕಾಯುತ್ತಿದ್ದ. ಓಂಕಾರಮ್ಮ ಮಂಚದ ಮೇಲೆ ಒರಗಿದ್ದರು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿದರು. ಹಾಲಮ್ಮನ ಕಣ್ಣು ಕೈಯ ಪಟ್ಟಿಯ ಮೇಲೆ, ಓಂಕಾರಮ್ಮನ ಕಣ್ಣು ಅಕ್ಕನ ಕುತ್ತಿಗೆಯ ಮೇಲೆ. ಇನ್ನೇನು ಎಲ್ಲ ಕೆಟ್ಟಿತು, ಅಳುತ್ತಾರೆ ಎಂದುಕೊಂಡೆ.

“ಕಾಫಿ ಕುಡಿದ್ರಾ ಮೇಷ್ಟ್ರೇ?” ಎಂದರು ಓಂಕಾರಮ್ಮ.

ನಾನು ತಲೆ ತಗ್ಗಿಸಿದೆ.

“ನಂಗೆ ಗೊತ್ತಿತ್ತು! ಎಲ್ಲರನ್ನೂ ಕಾಫಿ ಕೊಟ್ಟೇ ಹಾಳು ಮಾಡೋಳು ಇವಳು! ಗಂಟಲಲ್ಲಿ ಗಂಟು ಇಟ್ಕೊಂಡು ಹೂವಿನವಳ ಹತ್ರ ಹೇಳ್ತೀಯಾ? ನಾನೇನು ಸತ್ತಿದ್ನಾ?”

“ಸಾಯೋಕೆ ಹೊರಟಿದ್ದೆಯಲ್ಲ ಟ್ಯಾಂಕರಿಗೆ ತಲೆ ಕೊಟ್ಟು! ಸೈಕಲ್ ಬೇಡ, ಬೇಡ ಅಂತ ಬಡ್ಕೊಂಡೆ ಆವತ್ತು, ಕೇಳಿದ್ಯಾ?”

“ಆವತ್ತು ಅಂದ್ರೆ ಯಾವತ್ತು? ಒಂಬತ್ತು ವರ್ಷದಿಂದ ಮಾತೇ ಆಡಿಲ್ಲ ನೀನು!”

“ಹೋಳಿಗೆ ದಪ್ಪ ಇತ್ತು ಕಣೇ!”

“ಇತ್ತು! ದಪ್ಪಾನೇ ಇತ್ತು! ಅದನ್ನ ಅಡಿಗೆಮನೇಲಿ ಹೇಳಬೇಕಿತ್ತು!”

ನರ್ಸು ಓಡಿಬಂದರು. ಪಕ್ಕದ ಮಂಚದ ಕಾಲು ಮುರಿದವರು ಎದ್ದು ಕೂತರು. ಮಹೇಶ್ವರಪ್ಪ ಕಿಟಕಿಯಾಚೆ ದೀಪದ ಕಂಬ ನೋಡುತ್ತ, ಚೀಟಿಯನ್ನು ಅಂಗೈ ಮೇಲಿಟ್ಟು ಹಾಲಮ್ಮನ ಮುಂದೆ ಹಿಡಿದ. ಆಕೆ ತಂಗಿಯ ಮುಖದಿಂದ ಕಣ್ಣು ತೆಗೆಯದೆ, ಬೈಯುವುದನ್ನು ನಿಲ್ಲಿಸದೆ ಸಹಿ ಹಾಕಿದರು. ಹೊರಗೆ ದೀಪ ಹತ್ತಿತು. ಮಹೇಶ್ವರಪ್ಪ ಪುಸ್ತಕದಲ್ಲಿ ‘ಜಗಳ ಪೂರ್ತಿ ಮುಟ್ಟಿದೆ’ ಎಂದು ಬರೆದು, ಸ್ವಲ್ಪ ಯೋಚಿಸಿ, ‘ಇನ್ನೂ ನಡೆಯುತ್ತಿದೆ’ ಎಂದು ಸೇರಿಸಿದ.

ಮರುದಿನ ಹಾಲಮ್ಮನಿಗೆ ಗಂಟಲಿನ ಶಸ್ತ್ರಚಿಕಿತ್ಸೆ ಆಯಿತು. ನಾಲ್ಕನೆಯ ದಿನ ಸಂಜೆ ನಾನೂ ಸರ್ವಮಂಗಳೆಯೂ ಎಳನೀರು ಹಿಡಿದುಕೊಂಡು ನೋಡಲು ಹೋದೆವು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹಾಲಮ್ಮ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ದಿಂಬಿಗೆ ಒರಗಿದ್ದರು, ಬಾಯಿ ಬಿಗಿಯಾಗಿ ಮುಚ್ಚಿತ್ತು. ಎದುರಿಗೆ ಕುರ್ಚಿಯಲ್ಲಿ ಓಂಕಾರಮ್ಮ, ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು, ಒಬ್ಬರೇ ಇಬ್ಬರ ಜಗಳ ಆಡುತ್ತಿದ್ದರು.

“ಅವ್ವನ ಕಿವಿ ಬುಗುಡಿ ಬಾವಿಗೆ ಬೀಳಿಸಿದ್ದು ನೀನು. ಏಟು ತಿಂದಿದ್ದು ನಾನು,” ಎಂದು ತಮ್ಮ ದನಿಯಲ್ಲಿ ಅಂದು, ಕುರ್ಚಿಯಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು, ಅಕ್ಕನ ಒಡಕು ದನಿ ಮಾಡಿಕೊಂಡು, “ಏಟು ತಿನ್ನುವಾಗ ನಿನ್ನ ಮುಂದೆ ಬಂದು ನಿಂತಿದ್ದು ಯಾರು? ಮರೆತ್ಯಾ?” ಎಂದರು. ಹಾಲಮ್ಮ ತಲೆ ಅಲ್ಲಾಡಿಸಿ, ಬೆರಳಲ್ಲಿ ಗಾಳಿ ಕೊರೆದು, ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದರು. ಓಂಕಾರಮ್ಮ ಅಕ್ಕನ ಪಾಲಿನದನ್ನು ಮತ್ತೊಂದು ಸಲ, ಈ ಸಲ ಗಂಟಲು ಹರಿಯುವಂತೆ, ತಮಗೆ ತಾವೇ ಅಂದುಕೊಂಡರು. ಆಮೇಲೆ ಉತ್ತರಕ್ಕೆ ಬಾಯಿ ತೆಗೆದವರು ಏನೂ ಸಿಗದೆ ಸುಮ್ಮನಾದರು.

ಹಾಲಮ್ಮ ದಿಂಬಿಗೆ ಒರಗಿ, ಗೆದ್ದವರ ಮುಖ ಮಾಡಿಕೊಂಡು, ತಂಗಿ ಬಿಡಿಸಿಟ್ಟಿದ್ದ ಮೂಸಂಬಿಯ ತೊಳೆಯ ಕಡೆಗೆ ಕೈ ಚಾಚಿದರು.